ಇಂಗ್ಲಿಷ್ ಕ್ಲಾಸು ಆರಿಸುವ ಮುನ್ನ: ಬೆಳಗಾವಿಯ ವಿದೇಶ ವ್ಯಾಸಂಗಾಕಾಂಕ್ಷಿಗಳಿಗೆ ಒಂದು ಸಮೀಕ್ಷೆ

ಮಕ್ಕಳು ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕಾಲಿಡುತ್ತಲೇ ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಶುರುವಾಗುತ್ತದೆ. ಎಂಎಸ್ ಮಾಡಲು ಹೊರದೇಶಕ್ಕೆ ಕಳಿಸುವುದಾದರೆ ಯಾವ ಇಂಗ್ಲಿಷ್ ಪರೀಕ್ಷೆ ಬರೆಸಬೇಕು, ಯಾವ ಕ್ಲಾಸಿಗೆ ಹಚ್ಚಬೇಕು, ಎಷ್ಟು ತಿಂಗಳು ಬೇಕು, ಎಷ್ಟು ರೊಕ್ಕ ಹೋಗುತ್ತದೆ? ಮಹಾಂತೇಶ ನಗರದಂಥ ಬಡಾವಣೆಯಲ್ಲಿ ಈ ಮಾತಿಗೆ ಇನ್ನಷ್ಟು ಭಾರವಿದೆ. ಗೋಕಾಕ, ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯಿಂದ ನೌಕರಿಗೆಂದೋ ಮಕ್ಕಳ ಓದಿಗೆಂದೋ ಬಂದು ಇಲ್ಲಿ ಮನೆ ಮಾಡಿದವರಿದ್ದಾರೆ. ಊರಲ್ಲಿ ಹೊಲವಿದ್ದವರು ಅದರ ಮೇಲೆ ಸಾಲ ಎತ್ತುವ ಲೆಕ್ಕವನ್ನೂ ಹಾಕುತ್ತಾರೆ. ಅಷ್ಟು ದೊಡ್ಡ ನಿರ್ಧಾರದ ಮೊದಲ ಮೆಟ್ಟಿಲು ಇಂಗ್ಲಿಷ್ ಕ್ಲಾಸು. ಆದರೆ ಆ ಆಯ್ಕೆ ಮಾತ್ರ ಒಂದು ಬೋರ್ಡು ನೋಡಿ, ಒಂದು ಫೋನ್ ಮಾಡಿ, ಪಕ್ಕದ ಮನೆಯವರ ಮಾತು ಕೇಳಿ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ವಿದ್ಯಾರ್ಥಿ ಬರೆದದ್ದನ್ನೂ ಆಡಿದ್ದನ್ನೂ ವಾರವಾರ ಯಾರು ತಿದ್ದುತ್ತಾರೆ, ಎಷ್ಟು ಶ್ರದ್ಧೆಯಿಂದ ತಿದ್ದುತ್ತಾರೆ ಎಂಬುದೇ ಇಂಗ್ಲಿಷ್ ಕ್ಲಾಸಿನ ಯೋಗ್ಯತೆಯ ಅಳತೆ. ಎಸಿ ಕೋಣೆ, ಗೋಡೆಯ ಮೇಲಿನ ಫೋಟೊಗಳು, ‘ಬ್ಯಾಂಡ್ ಗ್ಯಾರಂಟಿ’ (ಇಷ್ಟು ಅಂಕ ಖಂಡಿತ ಎಂಬ ಭರವಸೆ) ಇವೆಲ್ಲ ಅದಾದ ಮೇಲಿನ ಮಾತು. ಹಾಗೇಕೆ ಎಂದು ಒಂದೊಂದಾಗಿ ನೋಡೋಣ.

ಹಿಂದೆ ಹೋದವರು

ವಿದೇಶದ ಓದು ನಮ್ಮ ಭಾಗಕ್ಕೆ ಹೊಸದಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ, ಪ್ರಥಮ ದರ್ಜೆ ಪಡೆದು ರ‍್ಯಾಂಗ್ಲರ್ ಆದರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ಕೆಲಸ ಮಾಡಿದರು. ಅವರ ಹೆಸರಿನ ಫೆಲೋಶಿಪ್ ನಮ್ಮ ಭಾಗದ ಸಂಶೋಧಕರನ್ನು ಅದೇ ಕಾಲೇಜಿಗೆ ಕಳಿಸುತ್ತ ಬಂದಿದೆ. ಸವಣೂರಿನ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದರು. ಕನ್ನಡದ ಕವಿಯಾದ ಅವರೇ ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆದರು. 1958ರಲ್ಲಿ ಹುಟ್ಟಿದ ಆ ಸಂಸ್ಥೆ ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ.

ಅವರ ಕಾಲಕ್ಕೆ ಬ್ಯಾಂಡೂ ಇರಲಿಲ್ಲ, ಕೋಚಿಂಗೂ ಇರಲಿಲ್ಲ. ವರ್ಷಗಟ್ಟಲೆ ಓದಿ, ಬರೆದು, ಗುರುಗಳಿಂದ ತಿದ್ದಿಸಿಕೊಂಡು ಅವರ ಇಂಗ್ಲಿಷ್ ಗಟ್ಟಿಯಾಗಿತ್ತು. ಇಂದು ಹೋಗುವವರ ಸಂಖ್ಯೆ ಎಷ್ಟೋ ಪಾಲು ಹೆಚ್ಚಿದೆ, ಅವರ ಹಿನ್ನೆಲೆಯೂ ಬೇರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007ರಲ್ಲಿ. ಆಗ ಒಂದನೆಯ ತರಗತಿಗೆ ಸೇರಿದ ಮಕ್ಕಳು ಈಗ ಪದವಿ ಮುಗಿಸಿ ಹೊರದೇಶದ ಅರ್ಜಿ ತುಂಬುವ ವಯಸ್ಸಿನವರು. ಇವರಿಗೆ ಇಂಗ್ಲಿಷ್ ಅಪರಿಚಿತವೇನಲ್ಲ. ಓದಿದರೆ ಅರ್ಥವಾಗುತ್ತದೆ, ಸಿನಿಮಾ ನೋಡಿದರೆ ತಿಳಿಯುತ್ತದೆ. ಎರಡು ಪುಟ ಸ್ವಂತವಾಗಿ ಬರೆ ಎಂದಾಗ, ಎರಡು ನಿಮಿಷ ನಿಲ್ಲದೆ ಮಾತಾಡು ಎಂದಾಗ ಕೈಕಾಲು ಬಿಡುತ್ತಾರೆ. ಕ್ಲಾಸು ತುಂಬಬೇಕಾದ ಕೊರತೆ ಇದೇ.

ಪರೀಕ್ಷೆಗಳ ಲೆಕ್ಕ

ಮೊದಲು ಪರೀಕ್ಷೆ ಯಾವುದೆಂದು ತಿಳಿಯಬೇಕು. ಯಾವ ದೇಶ, ಯಾವ ವಿಶ್ವವಿದ್ಯಾಲಯ ಎಂಬುದು ಅದನ್ನು ನಿರ್ಧರಿಸುತ್ತದೆ. ಕೋಚಿಂಗ್ ಸೆಂಟರು ಯಾವುದನ್ನು ಕಲಿಸುತ್ತದೆ ಎಂಬುದರಿಂದ ಅದು ತೀರ್ಮಾನವಾಗಬಾರದು.

1989ರಲ್ಲಿ ಬಂದ ಐಇಎಲ್‌ಟಿಎಸ್ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಐರ್ಲೆಂಡ್ ಎಲ್ಲ ಕಡೆಗೂ ನಡೆಯುತ್ತದೆ. ಭಾರತದಲ್ಲಿ ಈ ಪರೀಕ್ಷೆಯನ್ನು 2021ರಿಂದ ಐಡಿಪಿ ಎಂಬ ಸಂಸ್ಥೆಯೊಂದೇ ನಡೆಸುತ್ತಿದೆ. ಅಮೆರಿಕದತ್ತ ಹೊರಟವರಲ್ಲಿ ಟೋಫೆಲ್ ಬಹಳ ಕಾಲದಿಂದ ರೂಢಿಯಲ್ಲಿದೆ. 2026ರ ಜನವರಿಯಿಂದ ಅದರ ಸ್ವರೂಪವೂ ಬದಲಾಯಿತು, ಅಂಕಪಟ್ಟಿಯೂ 1ರಿಂದ 6ರ ಅಳತೆಗೆ ಬಂತು. ಇನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ತಿರುವಿಹಾಕುತ್ತಿರುವ ಸೆಂಟರಿನಲ್ಲಿ ಟೋಫೆಲ್‌ಗೆ ಸೇರುವುದು ವ್ಯರ್ಥ. ಪಿಟಿಇ ಸುಮಾರು ಎರಡು ಗಂಟೆಯ ಕಂಪ್ಯೂಟರ್ ಪರೀಕ್ಷೆ, ಫಲಿತಾಂಶ ಬೇಗ ಸಿಗುತ್ತದೆ. ಡ್ಯುಯೊಲಿಂಗೊ ಪರೀಕ್ಷೆಯನ್ನು ಮನೆಯಲ್ಲೇ ಕೂತು ಸುಮಾರು ಒಂದು ಗಂಟೆಯಲ್ಲಿ ಬರೆಯಬಹುದು, ಖರ್ಚೂ ಕಡಿಮೆ. ಆದರೆ ಅದನ್ನು ಎಲ್ಲರೂ ಒಪ್ಪುವುದಿಲ್ಲ. ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೋಗಬೇಕೆನ್ನುವವರಿಗೆ ವೈದ್ಯಕೀಯ ಕ್ಷೇತ್ರಕ್ಕೆಂದೇ ರೂಪಿಸಿದ ಒಇಟಿ ಇದೆ. ಐಇಎಲ್‌ಟಿಎಸ್ ಬರೆದರೆ ಅಲ್ಲಿನ ನರ್ಸಿಂಗ್ ಮಂಡಳಿ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ 7 ಕೇಳುತ್ತದೆ. ಇಂಜಿನಿಯರಿಂಗ್ ಹುಡುಗರ ನಡುವೆ ಕೂತು ಸಾಮಾನ್ಯ ಕೋಚಿಂಗ್ ಪಡೆದರೆ ಅಂಥವರ ಕೆಲಸ ಸಾಗದು.

ಐಇಎಲ್‌ಟಿಎಸ್ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕನ್ನೂ ಬೇರೆ ಬೇರೆ ಅಳೆಯುತ್ತದೆ. ಮೋಸ ಹೋಗುವುದು ಇಲ್ಲಿಯೇ. ಒಬ್ಬ ವಿದ್ಯಾರ್ಥಿಗೆ ಕೇಳುವುದರಲ್ಲಿ 7.5, ಓದಿನಲ್ಲಿ 7, ಬರವಣಿಗೆಯಲ್ಲಿ 5.5, ಮಾತಿನಲ್ಲಿ 6 ಬಂತೆನ್ನಿ. ಕೂಡಿಸಿದರೆ 26, ನಾಲ್ಕರಿಂದ ಭಾಗಿಸಿದರೆ 6.5. ಸೆಂಟರಿನ ಗೋಡೆಯ ಮೇಲೆ ಅವನ ಫೋಟೊದ ಕೆಳಗೆ ‘6.5 ಬ್ಯಾಂಡ್’ ಎಂದು ಬೀಳುತ್ತದೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಕೇಳುವುದು ಒಟ್ಟು 6.5, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು. ಅಂಥ ಕಡೆ ಈ ಫಲಿತಾಂಶಕ್ಕೆ ಬಾಗಿಲು ತೆರೆಯುವುದಿಲ್ಲ. ಕೇಳುವುದು, ಓದುವುದು ಎರಡಕ್ಕೂ 40 ಪ್ರಶ್ನೆ. 23ರ ಆಸುಪಾಸು ಸರಿ ಮಾಡಿದರೆ 6, 30ರ ಸುಮಾರು ಸರಿ ಮಾಡಿದರೆ 7. ಅಭ್ಯಾಸ ಪುಸ್ತಕ ಹಿಡಿದು ಮನೆಯಲ್ಲೇ ಕೂತರೂ ಅಲ್ಲಿಗೆ ಮುಟ್ಟಬಹುದು, ಉತ್ತರ ಪುಸ್ತಕದ ಹಿಂಬದಿಯಲ್ಲೇ ಇರುತ್ತದೆ. ಬರವಣಿಗೆಗೆ ಉತ್ತರಪಟ್ಟಿ ಇಲ್ಲ. ತಪ್ಪು ತೋರಿಸುವ ಒಬ್ಬ ಮನುಷ್ಯ ಬೇಕು. ಕ್ಲಾಸಿಗೆ ಕೊಡುವ ರೊಕ್ಕ ಆ ಮನುಷ್ಯನ ಸಮಯಕ್ಕಾಗಿ ಎಂಬುದನ್ನು ಮರೆಯಬಾರದು.

ಮೂವತ್ತು ದಿನದ ಮಾತು

‘30 ದಿನದಲ್ಲಿ 7 ಬ್ಯಾಂಡ್’ ಎಂಬ ಜಾಹೀರಾತು ಎಲ್ಲ ಊರಲ್ಲೂ ಕಾಣುತ್ತದೆ. ಅದು ಎಷ್ಟು ನಿಜ? ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ವರೆಗೆ ಆರು ಹಂತಗಳಲ್ಲಿ ಅಳೆಯುವ ಯುರೋಪಿನ ಚೌಕಟ್ಟು 2001ರಿಂದ ಬಳಕೆಯಲ್ಲಿದೆ. ಕೇಂಬ್ರಿಜ್‌ನ ಪರೀಕ್ಷಾ ಸಂಸ್ಥೆಯ ಅಂದಾಜಿನಂತೆ ಆರಂಭದಿಂದ ಬಿ1 ಮುಟ್ಟಲು 350ರಿಂದ 400 ಗಂಟೆ, ಬಿ2 ಮುಟ್ಟಲು 500ರಿಂದ 600 ಗಂಟೆ, ಸಿ1 ಮುಟ್ಟಲು 700ರಿಂದ 800 ಗಂಟೆಯ ಕಲಿಕೆ ಬೇಕು. ಅಂದರೆ ಒಂದು ಹಂತ ಏರಲು ಹತ್ತಿರ ಹತ್ತಿರ 200 ಗಂಟೆ. ಐಇಎಲ್‌ಟಿಎಸ್‌ನ 5.5ರಿಂದ 6.5 ಬಿ2ಗೆ ಸಮ, 7 ಎಂದರೆ ಸಿ1ರ ಹೊಸ್ತಿಲು.

ದಿನಕ್ಕೆ ಎರಡು ಗಂಟೆಯಂತೆ 30 ದಿನಕ್ಕೆ 60 ಗಂಟೆ. ಆಗಲೇ 6.5ರ ಮಟ್ಟದಲ್ಲಿದ್ದವನಿಗೆ ಪರೀಕ್ಷೆಯ ರೀತಿ, ಸಮಯದ ಹಂಚಿಕೆ ಕಲಿಸಲು ಅಷ್ಟು ಸಾಕು. ಅವನು 7 ತೆಗೆದರೆ ಆಶ್ಚರ್ಯವಿಲ್ಲ. 5ರ ಮಟ್ಟದಲ್ಲಿರುವವಳಿಗೆ ಅದೇ 60 ಗಂಟೆ ಏನೇನೂ ಸಾಲದು. ಆದ್ದರಿಂದ ಪ್ರಾಮಾಣಿಕ ಕ್ಲಾಸು ಫೀಸು ಹೇಳುವ ಮೊದಲು ಮಟ್ಟ ಪರೀಕ್ಷೆ ಮಾಡುತ್ತದೆ. ನಾಲ್ಕೂ ವಿಭಾಗಗಳಲ್ಲಿ ಎಲ್ಲಿದ್ದೀರಿ ಎಂದು ತೋರಿಸಿ, ನಿಮಗೆ ಮೂರು ತಿಂಗಳು ಬೇಕು, ಇಲ್ಲವೇ ಮೊದಲು ಆರು ತಿಂಗಳು ಬರೀ ಭಾಷೆ ಕಲಿಯಿರಿ, ಆಮೇಲೆ ಪರೀಕ್ಷೆಗೆ ಬನ್ನಿ ಎನ್ನುತ್ತದೆ. ಬಂದವರಿಗೆಲ್ಲ ಒಂದೇ ಬ್ಯಾಚು, ಒಂದೇ ಅವಧಿ ಹೇಳುವ ಕಡೆ ಎಚ್ಚರ ಇರಲಿ. ಪರೀಕ್ಷಾ ಶುಲ್ಕವೇ ಈಚಿನ ವರ್ಷಗಳಲ್ಲಿ 17–18 ಸಾವಿರ ರೂಪಾಯಿಯ ಸುಮಾರಿಗಿದೆ. ಅರ್ಧ ತಯಾರಿಯಲ್ಲಿ ಎರಡು ಸಲ ಬರೆದರೆ ಒಂದು ಒಳ್ಳೆಯ ಕ್ಲಾಸಿನ ಫೀಸಿನಷ್ಟು ದುಡ್ಡು ಹೋಯಿತು. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಬಾಳಿಕೆ ಎಂಬುದೂ ಲೆಕ್ಕದಲ್ಲಿರಬೇಕು.

ಡೆಮೊ ಕ್ಲಾಸಿನಲ್ಲಿ ನೋಡಬೇಕಾದದ್ದು

ತಿಲಕವಾಡಿಯಿರಲಿ, ಕಾಲೇಜ್ ರಸ್ತೆಯಿರಲಿ, ಮಹಾಂತೇಶ ನಗರದ ಯಾವುದೋ ಮೊದಲ ಮಹಡಿಯಿರಲಿ, ಡೆಮೊ ಕ್ಲಾಸಿಗೆ ಹೋಗುವಾಗ ಸ್ವಂತ ಕೈಯಿಂದ ಬರೆದ 250 ಶಬ್ದಗಳ ಒಂದು ಪ್ರಬಂಧ ಒಯ್ಯಿರಿ. ‘ಇದನ್ನು ತಿದ್ದಿಕೊಡಿ ಸರ್’ ಅನ್ನಿರಿ. ಹಾಳೆ ಹೇಗೆ ಮರಳಿ ಬರುತ್ತದೆ ನೋಡಿ. ಕೆಳಗೆ ‘6, ಗುಡ್’ ಎಂದಷ್ಟೇ ಬರೆದು ಕೊಟ್ಟರೆ ಅಲ್ಲಿ ನಿಮಗೆ ಕೆಲಸವಿಲ್ಲ.

ಬಲ್ಲವರು ನಾಲ್ಕು ಕಡೆ ಕಣ್ಣಿಡುತ್ತಾರೆ. ಪರೀಕ್ಷಕರು ಅಂಕ ಕೊಡುವುದು ಈ ನಾಲ್ಕಕ್ಕೇ, ಸಮಪಾಲಾಗಿ: ಕೇಳಿದ ಪ್ರಶ್ನೆಗೆ ಉತ್ತರ ಬಂದಿದೆಯೇ, ವಿಚಾರ ಒಂದಕ್ಕೊಂದು ಹೆಣೆದುಕೊಂಡಿದೆಯೇ, ಶಬ್ದಸಂಪತ್ತು ಸಾಕೇ, ವಾಕ್ಯರಚನೆ ಸರಿಯೇ. ‘ವಿ ಡಿಸ್ಕಸ್ಡ್ ಅಬೌಟ್ ದಿ ಪ್ರಾಬ್ಲಮ್’ ಎಂದು ಬರೆದ ಕಡೆ ಬಲ್ಲವರು ‘ಅಬೌಟ್’ ಮೇಲೆ ಗೆರೆ ಹೊಡೆಯುತ್ತಾರೆ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದನ್ನು ‘ಐ ಹ್ಯಾವ್’ ಮಾಡುತ್ತಾರೆ. ಎರಡನೆಯ ಪರಿಚ್ಛೇದದ ಪಕ್ಕದಲ್ಲಿ ‘ಇಲ್ಲಿ ನಿನ್ನ ಅಭಿಪ್ರಾಯ ಏನು ಅಂತ ತಿಳಿಯಲಿಲ್ಲ, ಒಂದು ಉದಾಹರಣೆ ಕೊಡು’ ಎಂದು ಬರೆಯುತ್ತಾರೆ. ಕಡೆಗೆ ಅದೇ ಪ್ರಬಂಧವನ್ನು ಮತ್ತೆ ಬರೆದುಕೊಂಡು ಬಾ ಎನ್ನುತ್ತಾರೆ. ಆ ಎರಡನೆಯ ಬರಹದಲ್ಲೇ ಕಲಿಕೆ ನಡೆಯುವುದು. ಎರಡನೆಯದನ್ನೂ ಓದುವ ವ್ಯವಧಾನ ಇರುವ ಗುರು ಸಿಕ್ಕರೆ ಕಟ್ಟಡ ಹಳೆಯದಾದರೂ ಸೇರಿಬಿಡಿ.

ಕನ್ನಡದವರ, ಮರಾಠಿಯವರ ತಪ್ಪುಗಳ ಜಾಡು ಬಲ್ಲ ಶಿಕ್ಷಕರು ಇನ್ನೂ ಉತ್ತಮ. ನಮ್ಮ ಭಾಷೆಗಳಲ್ಲಿ ‘ಎ’, ‘ದಿ’ಗಳಿಗೆ ಸಾಟಿಯಾದ ಪದಗಳಿಲ್ಲ. ಹಾಗಾಗಿ ಎಷ್ಟು ನಿಯಮ ಬಾಯಿಪಾಠ ಮಾಡಿದರೂ ಬರೆಯುವಾಗ ಅವು ಜಾರಿಹೋಗುತ್ತವೆ. ‘ಎಗ್’ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ, ‘ಪ್ರೈಸ್’ ಯಾವುದು ‘ಪ್ರೈಝ್’ ಯಾವುದು ಕೇಳುವವರಿಗೆ ತಿಳಿಯದೆ ಹೋಗುತ್ತದೆ. ನಮ್ಮ ಉಚ್ಚಾರದ ಸೊಗಡಿಗೆ ಪರೀಕ್ಷಕರು ಅಂಕ ಕಡಿಯುವುದಿಲ್ಲ, ಮಾತು ಸ್ಪಷ್ಟವಾಗಿ ತಿಳಿದರೆ ಸಾಕು. ಲಂಡನ್ನಿನವರ ಹಾಗೆ ಮಾತಾಡಿಸುತ್ತೇವೆ ಎನ್ನುವ ಕ್ಲಾಸಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ಅದರ ನಡುವೆ ಒಂದು ಚೀಟಿ ಕೊಡುತ್ತಾರೆ, ಯೋಚಿಸಲು ಒಂದು ನಿಮಿಷ, ಆಮೇಲೆ ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. 30 ಜನರ ಬ್ಯಾಚಿನಲ್ಲಿ ವಾರಕ್ಕೆ ಎಷ್ಟು ಸಲ ನಿಮ್ಮ ಪಾಳಿ ಬರುತ್ತದೆ ಎಂದು ನೇರವಾಗಿ ಕೇಳಿ. ಆಸ್ಟ್ರೇಲಿಯಾದ ಭಾಷಾ ಶಾಲೆಗಳಿಗೆ ಅಲ್ಲಿನ ಸರ್ಕಾರ ಒಬ್ಬ ಶಿಕ್ಷಕರಿಗೆ 18ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದೆಂದು ನಿಯಮ ಮಾಡಿದೆ. ಇಲ್ಲಿಯೂ ಅದನ್ನೇ ಅಳತೆಗೋಲಾಗಿ ಹಿಡಿಯಬಹುದು. ಸಿದ್ಧ ಉತ್ತರ ಬಾಯಿಪಾಠ ಮಾಡಿಸುವ ಕಡೆಯಿಂದ ಎದ್ದು ಬನ್ನಿ. ತರಬೇತಾದ ಪರೀಕ್ಷಕರು ಬಾಯಿಪಾಠವನ್ನು ಎರಡು ವಾಕ್ಯದಲ್ಲೇ ಗುರುತಿಸುತ್ತಾರೆ.

ಕಲಿಸುವವರು ಬೇರೆ, ದೇಶ ಮಾರುವವರು ಬೇರೆ

ಬಹಳಷ್ಟು ಸೆಂಟರುಗಳು ಇಂಗ್ಲಿಷ್ ಕ್ಲಾಸಿನ ಜೊತೆಗೆ ಕನ್ಸಲ್ಟೆನ್ಸಿಯನ್ನೂ ನಡೆಸುತ್ತವೆ. ವಿದ್ಯಾರ್ಥಿಯನ್ನು ಕಳಿಸಿದ್ದಕ್ಕೆ ವಿದೇಶಿ ವಿಶ್ವವಿದ್ಯಾಲಯಗಳಿಂದ ಕಮಿಷನ್ ಬರುತ್ತದೆ. ಅದು ಕಾನೂನುಬಾಹಿರವಲ್ಲ. ಆದರೆ ‘ಕೋಚಿಂಗ್ ಫ್ರೀ, ಅಡ್ಮಿಷನ್ ನಮ್ಮ ಮೂಲಕ’ ಎಂದಾಗ ಕ್ಲಾಸಿನ ಖರ್ಚು ಎಲ್ಲಿಂದ ಹೊರಡುತ್ತದೆ ಎಂದು ಪಾಲಕರು ಕೇಳಲೇಬೇಕು. ಕಮಿಷನ್ ಹೆಚ್ಚಿರುವ ದೇಶವೇ ಒಳ್ಳೆಯ ದೇಶವೆಂದು ಹೇಳಿಸಿಕೊಳ್ಳುವ ಅಪಾಯವಿದೆ.

ಅಪಾಯ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಎರಡು ಸಂಗತಿ ಸಾಕು. 2023ರಲ್ಲಿ ಕೆನಡಾದಲ್ಲಿ ಓದು ಮುಗಿಸಿದ್ದ ನೂರಾರು ಭಾರತೀಯರು, ಹೆಚ್ಚಿನವರು ಪಂಜಾಬಿನವರು, ಗಡೀಪಾರಿನ ಭೀತಿ ಎದುರಿಸಿದರು. ಏಜೆಂಟು ಕೊಟ್ಟ ಪ್ರವೇಶಪತ್ರ ನಕಲಿಯಾಗಿತ್ತು. 2022ರಲ್ಲಿ ಗುಜರಾತಿನ ಕೆಲವು ಯುವಕರು ಕೆನಡಾದಿಂದ ಅಮೆರಿಕದ ಗಡಿಯೊಳಗೆ ಅಕ್ರಮವಾಗಿ ನುಗ್ಗುವಾಗ ಸಿಕ್ಕಿಬಿದ್ದರು. ಕೈಯಲ್ಲಿ ಒಳ್ಳೆಯ ಬ್ಯಾಂಡ್ ಇತ್ತು, ನ್ಯಾಯಾಧೀಶರ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಬರಲಿಲ್ಲ. ಗುಜರಾತಿನ ಮೆಹಸಾಣಾ ಪೊಲೀಸರು ಪರೀಕ್ಷಾ ವಂಚನೆಯ ತನಿಖೆ ಮಾಡಬೇಕಾಯಿತು. ಭಾಷೆಯಿಲ್ಲದ ಬ್ಯಾಂಡ್ ಹೊತ್ತು ಹೋದವರ ಗತಿ ಇದು. ಭಾಷೆ ಬಂದವರು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ತಾವೇ ಪತ್ರ ಬರೆದು ಪ್ರವೇಶಪತ್ರದ ಖಾತ್ರಿ ಮಾಡಿಕೊಳ್ಳಬಲ್ಲರು. ಏಜೆಂಟಿನ ಹಿಡಿತ ತಪ್ಪಿಸಿಕೊಳ್ಳುವ ದಾರಿಯೂ ಇಂಗ್ಲಿಷೇ.

ದೇಶಗಳ ನಿಯಮವೂ ಬದಲಾಗುತ್ತಲೇ ಇರುತ್ತದೆ. ಆಸ್ಟ್ರೇಲಿಯಾ 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾದ ಐಇಎಲ್‌ಟಿಎಸ್ ಮಿತಿಯನ್ನು 5.5ರಿಂದ 6ಕ್ಕೆ ಏರಿಸಿತು. ಕೆನಡಾ ತನ್ನ ಶೀಘ್ರ ವೀಸಾ ಯೋಜನೆ ಎಸ್‌ಡಿಎಸ್ ಅನ್ನು 2024ರ ನವೆಂಬರ್ 8ಕ್ಕೆ ನಿಲ್ಲಿಸಿತು. ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್ ಕಾರ್ಖಾನೆಗಳ ನೆರಳಲ್ಲಿ ಬೆಳೆದ ನಮ್ಮ ಮೆಕ್ಯಾನಿಕಲ್ ಹುಡುಗರಿಗೆ ಜರ್ಮನಿಯ ಸೆಳೆತ ಸಹಜ. ಅಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸು ಸಿಕ್ಕರೂ 2022ರ ನವೆಂಬರಿನಿಂದ ಓದಿನ ದಾಖಲೆಗಳನ್ನು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಬೇಕೇ ಬೇಕು, ಮುಂದೆ ನೌಕರಿಗೆ ಜರ್ಮನ್ ಭಾಷೆಯೂ ಬೇಕು. ಅಂಥವರು ಬಿಡುವಿನ ಅರ್ಧವನ್ನಾದರೂ ಜರ್ಮನ್ ಕಲಿಕೆಗೆ ಇಡಬೇಕು. ಇಂಥ ವಿಷಯಗಳನ್ನು ಸೆಂಟರಿನವರ ಬಾಯಿಂದ ಕೇಳಿ ಬಿಡದೆ ಆಯಾ ದೇಶದ ಸರ್ಕಾರಿ ತಾಣದಲ್ಲೇ ಓದಿಕೊಳ್ಳಿ.

ಅಲ್ಲಿಗೇ ಹೋಗಿ ಕಲಿಯುವುದು

ಇಂಗ್ಲಿಷನ್ನು ಅಲ್ಲಿಯೇ ಕಲಿಯಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಒಂದಿಷ್ಟು ಅಂಕ ಕಡಿಮೆ ಬಿದ್ದವರಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕೋರ್ಸಿಗೆ ಮೊದಲು ಕೆಲವು ವಾರಗಳ ಪ್ರೀ-ಸೆಷನಲ್ ತರಗತಿ ನಡೆಸುತ್ತವೆ. ಗ್ರಂಥಾಲಯ ಬಳಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ಆಕರ ಕೊಟ್ಟು ಬರೆಯುವುದು ಎಲ್ಲ ಅಲ್ಲಿ ಸಿಗುತ್ತದೆ. ದುಬಾರಿಯಾದರೂ ಸಾರ್ಥಕ. ಆಸ್ಟ್ರೇಲಿಯಾದಲ್ಲಿ ಎಲಿಕಾಸ್ ಎಂಬ ಇಂಗ್ಲಿಷ್ ಭಾಷಾ ಕೋರ್ಸುಗಳಿಗೆ ವಾರಕ್ಕೆ ಕನಿಷ್ಠ 20 ಗಂಟೆಯ ಪಾಠ ಕಡ್ಡಾಯ.

ಖಾಸಗಿ ಭಾಷಾ ಶಾಲೆಯಾದರೆ ಮಾನ್ಯತೆ ನೋಡಲೇಬೇಕು. ಬ್ರಿಟನ್ನಿನಲ್ಲಿ ಬ್ರಿಟಿಷ್ ಕೌನ್ಸಿಲ್ ಭಾಗಿಯಾಗಿರುವ ಅಕ್ರೆಡಿಟೇಶನ್ ಯುಕೆ, ಕೆನಡಾದಲ್ಲಿ ಲ್ಯಾಂಗ್ವೇಜಸ್ ಕೆನಡಾ ಇಂಥ ಪಟ್ಟಿಗಳಿವೆ. ಬ್ರಿಟನ್ನಿನ ಅಲ್ಪಾವಧಿ ಭಾಷಾ ವೀಸಾ 11 ತಿಂಗಳವರೆಗಿನದು. ಅದರ ಮೇಲೆ ಕೆಲಸ ಮಾಡುವಂತಿಲ್ಲ, ಅವಧಿ ಹೆಚ್ಚಿಸುವಂತಿಲ್ಲ. ಅದನ್ನು ‘ಮೊದಲು ಹೋಗಿ ಸೇರಿಕೊಳ್ಳಿ, ಆಮೇಲೆ ನೋಡೋಣ’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಖಾನಾಪುರದಿಂದ ಬರುವವರು

ಖಾನಾಪುರ ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು. ಅಲ್ಲಿಂದ ಸಂಜೆಯ ಕ್ಲಾಸಿಗೆ ಬಂದು ಹೋಗುವ ಹುಡುಗಿಗೆ ಬಸ್ಸಿನಲ್ಲೇ ಎರಡು ಗಂಟೆ ಕಳೆಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಂಥವರಿಗೆ ಕೇಳುವ, ಓದುವ ಅಭ್ಯಾಸ ಮನೆಯಲ್ಲಿ, ಬರವಣಿಗೆಯ ತಿದ್ದುಪಡಿ ಆನ್‌ಲೈನ್‌ನಲ್ಲಿ, ಮಾತಿನ ಅಭ್ಯಾಸಕ್ಕೆ ಶನಿವಾರ–ಭಾನುವಾರ ಬೆಳಗಾವಿ ಎಂಬ ಹಂಚಿಕೆ ಒಳ್ಳೆಯದು. ಐಇಎಲ್‌ಟಿಎಸ್‌ನ ಅಧಿಕೃತ ಮಾದರಿ ಪ್ರಶ್ನೆಗಳು, ಬ್ರಿಟಿಷ್ ಕೌನ್ಸಿಲಿನ ಪಾಠಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯಾದ್ದರಿಂದ ಟೈಪಿಂಗೂ ರೂಢಿಯಾಗಿರಬೇಕು. ಮೊಬೈಲಿನಲ್ಲಷ್ಟೇ ಬರೆದವರು 250 ಶಬ್ದ ಕೀಲಿಮಣೆಯಲ್ಲಿ ಬರೆಯುವಾಗ ಸಮಯ ಸಾಲದೆ ಒದ್ದಾಡುತ್ತಾರೆ.

ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಎಂದು ಬೆಳೆದ ಖಾನಾಪುರದ ಮಗು ಭಾಷೆಯಿಂದ ಭಾಷೆಗೆ ದಿನವೂ ದಾಟುತ್ತಿರುತ್ತದೆ. ಇಂಗ್ಲಿಷ್ ಅದಕ್ಕೆ ನಾಲ್ಕನೆಯದು. ಆ ದಾಟುವ ಶಕ್ತಿಯನ್ನು ಕೊರತೆಯೆಂದು ಕಾಣುವ ಕ್ಲಾಸಿಗೆ ನಮ್ಮ ಮಕ್ಕಳನ್ನು ಕಳಿಸಬಾರದು.

ಹಕ್ಕು, ನೆರವು

ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಗ್ಯಾರಂಟಿ ಕೊಡುವಂತಿಲ್ಲ, ಒಪ್ಪಿಗೆಯಿಲ್ಲದೆ ವಿದ್ಯಾರ್ಥಿಯ ಫೋಟೊ ಹಾಕುವಂತಿಲ್ಲ. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಸು ಮರಳಿಸಬೇಕು ಎನ್ನುತ್ತದೆ. ರಸೀದಿ ಕೇಳಿ ಪಡೆಯಿರಿ, ಗಂಟೆಗಳು, ಮಾಕ್ ಟೆಸ್ಟುಗಳು, ತಿದ್ದಿಕೊಡುವ ಪ್ರಬಂಧಗಳ ಸಂಖ್ಯೆ, ಫೀಸು ವಾಪಸಿನ ನಿಯಮ ಎಲ್ಲ ಬರಹದಲ್ಲಿರಲಿ. ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915 ಇದೆ, ಬೆಳಗಾವಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ವಿದೇಶದ ಓದಿಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆಯ ಸಹಾಯ, ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಸಾಲ ಇದೆ. ಅರ್ಜಿ ಕರೆಯುವ ಕಾಲಕ್ಕೆ ಕಣ್ಣಿಟ್ಟಿರಬೇಕು.

ಉಳಿದ ಕೆಲಸ ಕಾಲೇಜುಗಳದು

ಮನೆಯವರು ಎಷ್ಟೇ ಎಚ್ಚರದಿಂದ ಆರಿಸಿದರೂ 22ನೆಯ ವಯಸ್ಸಿಗೆ ಮೂರು ತಿಂಗಳಲ್ಲಿ ಬರವಣಿಗೆ ಕಲಿಸಬೇಕಾಗಿ ಬಂದದ್ದೇ ನಮ್ಮ ಉನ್ನತ ಶಿಕ್ಷಣದ ಸೋಲು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ನಮ್ಮ ಊರಲ್ಲೇ, ಖಾನಾಪುರ ರಸ್ತೆಯ ಮಚ್ಛೆಯಲ್ಲಿದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಭೂತರಾಮನಹಟ್ಟಿಯಲ್ಲಿ ಶುರುವಾಯಿತು. ಕೆಎಲ್‌ಇ ಶಿಕ್ಷಣ ಸಂಸ್ಥೆ 1916ರಿಂದ ಈ ಭಾಗದ ಮಕ್ಕಳನ್ನು ಓದಿಸುತ್ತ ಬಂದಿದೆ. ಇಂಥ ಊರಿನ ಕಾಲೇಜುಗಳು ಮೂರನೆಯ ಸೆಮಿಸ್ಟರಿನಿಂದಲೇ ತಿಂಗಳಿಗೆ ಎರಡು ಪ್ರಬಂಧ ಬರೆಸಿ, ತಿದ್ದಿ, ಮತ್ತೆ ಬರೆಸುವ ಒಂದು ವ್ಯವಸ್ಥೆ ಮಾಡಿದರೆ ಮೂರು ವರ್ಷದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಹತ್ತಾರು ತಿದ್ದಿದ ಬರಹಗಳಿರುತ್ತವೆ. ಹೊರದೇಶಕ್ಕೆ ಹೋಗದವರಿಗೂ ಅದು ನೌಕರಿಗೆ, ಸಂದರ್ಶನಕ್ಕೆ ಒದಗುತ್ತದೆ. ಈ ಬೇಡಿಕೆಯನ್ನು ಪಾಲಕರು ಕಾಲೇಜಿನ ಮುಂದೆ ಇಡಬೇಕು, ಶಿಕ್ಷಕರ ಸಂಖ್ಯೆ ಹೆಚ್ಚಿಸಲು ಆಡಳಿತ ಮಂಡಳಿಗಳನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಕ್ಲಾಸು ಹುಡುಕುವುದು ಅನಿವಾರ್ಯ. ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ ಫೀಸು ಎಷ್ಟು ಎಂಬುದಲ್ಲ, ನನ್ನ ಮಗಳ ಬರಹವನ್ನು ಯಾರು ತಿದ್ದುತ್ತಾರೆ ಎಂಬುದು.